ಎಂಟು ಹೆಜ್ಜೆ

ಸುಣ್ಣ ಹೊಡೆದ ಗೋಡೆಗೆ ಒರಗಿ ಅಜ್ಜಿಯೊಬ್ಬರು ಜಗಲಿಯ ಮೇಲೆ ಕೂತಿದ್ದರು. ಬಿಳಿ ಸೀರೆ, ಬಿಸಿಲಲ್ಲಿ ದುಡಿದು ಕಪ್ಪಾದ ಮುಖ. ನನ್ನ ಹಳೆಯ ಕ್ಯಾಮೆರಾದೊಳಗಿನ ಮೀಟರ್ ಎಫ್ 11 ಎಂದಿತು. ನಂಬಿ ಕ್ಲಿಕ್ಕಿಸಿದೆ. ರೀಲು ತೊಳೆದು ಪ್ರಿಂಟ್ ಹಾಕಿದಾಗ ಗೋಡೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಜ್ಜಿಯ ಮುಖ ಬರೀ ಮಸಿ. ಕಣ್ಣು ಎಲ್ಲಿದೆ ಎಂದು ಹುಡುಕಬೇಕಿತ್ತು.

ಮೀಟರ್ ಕೆಟ್ಟಿರಲಿಲ್ಲ. ಎದುರಿನ ವಸ್ತುವಿನಿಂದ ಚಿಮ್ಮಿ ಬರುವ ಬೆಳಕನ್ನಷ್ಟೇ ಅದು ಅಳೆಯುತ್ತದೆ. ಎದುರಿಗಿರುವುದೆಲ್ಲ ನಡುಬಣ್ಣದ ಬೂದು ಎಂದೇ ಅದು ಎಣಿಸುತ್ತದೆ; ಛಾಯಾಗ್ರಾಹಕರು ರೂಢಿಯಲ್ಲಿ ಹೇಳುವ ಲೆಕ್ಕದಂತೆ, ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವಂಥ ಬೂದು. ಸುಣ್ಣದ ಗೋಡೆ ಅದರ ಸುಮಾರು ನಾಲ್ಕು ಪಟ್ಟು ಹಿಂದಿರುಗಿಸುತ್ತದೆ. ಪಾಪದ ಮೀಟರ್ ಅದನ್ನು ಬಿಳುಪು ಎಂದು ಅರಿಯದೆ, ಬೆಳಕು ಜಾಸ್ತಿಯಾಯಿತೆಂದು ತಗ್ಗಿಸುತ್ತದೆ. ಕರಿ ಕಂಬಳಿ ತೋರಿಸಿದರೆ ಬೆಳಕು ಸಾಲದೆಂದು ಏರಿಸುತ್ತದೆ. ಕೊನೆಗೆ ಗೋಡೆಯೂ ಬೂದು, ಕಂಬಳಿಯೂ ಬೂದು.

ಇನ್ನೊಮ್ಮೆ ಹೋದಾಗ ಕೈಯಲ್ಲಿ ಹಿಡಿಯುವ ಲೈಟ್ ಮೀಟರ್ ಒಯ್ದೆ. ಅದರ ತಲೆಯ ಮೇಲೆ ಅರ್ಧ ನಿಂಬೆಹಣ್ಣಿನಂಥ ಬಿಳಿ ಗುಮ್ಮಟ. ಅಜ್ಜಿಯ ಗಲ್ಲದ ಬಳಿ ಹಿಡಿದೆ.

“ಏನಪ್ಪಾ ಅದು, ಜ್ವರ ನೋಡ್ತೀಯಾ?”

“ಇಲ್ಲಜ್ಜಿ, ನಿಮ್ಮ ಮುಖದ ಮೇಲೆ ಎಷ್ಟು ಬೆಳಕು ಬಿದ್ದಿದೆ ಅಂತ ನೋಡ್ತಿದೀನಿ.”

ಮುಳ್ಳು ಎಫ್ 5.6ರಲ್ಲಿ ನಿಂತಿತು. ಈ ಸಂಖ್ಯೆ ಇಳಿದಷ್ಟೂ ಕ್ಯಾಮೆರಾದೊಳಗೆ ಬರುವ ಬೆಳಕು ಹೆಚ್ಚು. ಮೊದಲು ಕೊಟ್ಟದ್ದರ ನಾಲ್ಕು ಪಟ್ಟು ಬೆಳಕು. ಈ ಸಲ ಗೋಡೆ ಬೆಳ್ಳಗೆ ಬಂತು, ಅಜ್ಜಿಯ ಕೆನ್ನೆಯ ಒಂದೊಂದು ಸುಕ್ಕೂ ಬಂತು.

ಮನುಷ್ಯರನ್ನೂ ನಾವು ಚಿಮ್ಮಿ ಬಂದ ಬೆಳಕಿನಿಂದಲೇ ಅಳೆಯುತ್ತೇವೆ. ಸಿಡುಕಿದವರು ಕೆಟ್ಟವರು, ತರಗತಿಯಲ್ಲಿ ಬಾಯಿ ಬಿಡದ ಹುಡುಗ ದಡ್ಡ. ಆ ಹುಡುಗ ಬೆಳಗ್ಗೆ ಉಂಡು ಬಂದಿದ್ದಾನೆಯೇ, ಮನೆಯಲ್ಲಿ ಅವನ ಜೊತೆ ಯಾರಾದರೂ ಮೆಲ್ಲಗೆ ಮಾತಾಡುತ್ತಾರೆಯೇ? ಅವನ ಮೇಲೆ ಬಿದ್ದ ಬೆಳಕೆಷ್ಟು ಎಂದು ಕೇಳುವುದಿಲ್ಲ. ಅದನ್ನು ತಿಳಿಯಲು ಕೂತಲ್ಲಿಂದ ಏಳಬೇಕು. ಕೈಮೀಟರಿನ ನಿಯಮವೇ ಹಾಗೆ: ಅವರಿರುವ ಜಾಗಕ್ಕೆ ಹೋಗಿ, ಗುಮ್ಮಟವನ್ನು ನಮ್ಮ ಕ್ಯಾಮೆರಾದ ಕಡೆಗೆ ತಿರುಗಿಸಿ ಅಳೆಯಬೇಕು. ಅಜ್ಜಿಯ ಪಕ್ಕದಲ್ಲಿ ನಿಂತು ತಿರುಗಿದಾಗಲೇ, ದೂರದಲ್ಲಿ ಮೂರು ಕಾಲಿನ ಮೇಲೆ ನಿಂತ ನನ್ನ ಕ್ಯಾಮೆರಾ ಅವರಿಗೆ ಹೇಗೆ ಕಾಣುತ್ತದೆಂದು ನನಗೆ ತಿಳಿದದ್ದು.

ಎಲ್ಲರ ಹತ್ತಿರಕ್ಕೂ ಹೋಗಲಾಗದು, ನಿಜ. 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರು, ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಕಂಡರು. ಸಂಜೆಯ ಬಿಸಿಲು ಸಮಾಧಿಗಳ ಶಿಲುಬೆಗಳಿಂದ ಜಾರುತ್ತಿತ್ತು. ಹುಡುಕಿದರೆ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಅದನ್ನೇ ನೆಚ್ಚಿ ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ನಡೆದು ಮುಟ್ಟಲಾಗದವರನ್ನು ಅಳೆಯುವ ಮುನ್ನ ಅವರ ಬಗ್ಗೆ ಅಷ್ಟು ತಿಳಿದಿರಬೇಕು.

ಅಜ್ಜಿಯಾದರೋ ದೂರದ ಚಂದ್ರನಲ್ಲ. ಕ್ಯಾಮೆರಾದಿಂದ ಜಗಲಿಗೆ ಇದ್ದದ್ದು ಎಂಟು ಹೆಜ್ಜೆ. ಮೊದಲ ದಿನ ಅದನ್ನು ನಾನು ನಡೆದಿರಲಿಲ್ಲ.