ಹನ್ನೆರಡು ಕಂಬಗಳ ಲೆಕ್ಕ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕಾಲ್ಟನ್ ಬೆಟ್ಟ ಹತ್ತಿದರೆ ಒಂದು ಕಡೆ ಊರು, ಇನ್ನೊಂದು ಕಡೆ ಸಮುದ್ರ ಕಾಣುತ್ತವೆ. ನೆತ್ತಿಯ ಮೇಲೆ 12 ಭಾರಿ ಕಲ್ಲುಕಂಬಗಳು ನಿಂತಿವೆ. ಹೊಸಬರು ಯಾವುದೋ ಪುರಾತನ ದೇಗುಲ ಬಿದ್ದುಹೋಗಿ ಇಷ್ಟು ಉಳಿದಿದೆ ಎಂದುಕೊಳ್ಳುತ್ತಾರೆ. ಬಿದ್ದದ್ದು ಏನೂ ಇಲ್ಲ, ಕಟ್ಟಿದ್ದೇ ಅಷ್ಟು.

ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಮಡಿದ ಸ್ಕಾಟ್ಲೆಂಡಿನ ಸೈನಿಕರು ಮತ್ತು ನಾವಿಕರಿಗಾಗಿ ಅಥೆನ್ಸಿನ ಪಾರ್ಥೆನಾನ್ ಗುಡಿಯ ಮಾದರಿಯಲ್ಲಿ ರಾಷ್ಟ್ರೀಯ ಸ್ಮಾರಕ ಕಟ್ಟಲು 1822ರಲ್ಲಿ ಗಣ್ಯರು ಹೊರಟರು. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕೂಡ ಅವರಲ್ಲಿದ್ದ. ಕೇಳಿದ ಚಂದಾ 42,000 ಪೌಂಡ್; 16 ತಿಂಗಳಲ್ಲಿ ಕೂಡಿದ್ದು ಸುಮಾರು 16,000. ಆದರೂ 1826ರಲ್ಲಿ ಕೆಲಸ ಶುರುವಾಯಿತು. ದೊಡ್ಡ ಕಲ್ಲೊಂದನ್ನು ಮೇಲೇರಿಸಲು 12 ಕುದುರೆ, 70 ಆಳು ಬೇಕಾಗುತ್ತಿತ್ತಂತೆ. 1829ರಲ್ಲಿ ಹಣ ಮುಗಿಯಿತು, ಕೆಲಸ ನಿಂತಿತು. ಊರಿನವರೇ ಅದನ್ನು ‘ಎಡಿನ್‌ಬರೋದ ಅವಮಾನ’ ಎಂದು ಕರೆದರು.

ಅವಮಾನ ಆಗಬೇಕಾದದ್ದು ಕಂಬ ಕಡಿಮೆಯಾದದ್ದಕ್ಕೇ? ಫ್ರಾನ್ಸಿನ ಮೇಲಿನ ಯುದ್ಧಕ್ಕೆ ದುಡ್ಡು ಸಾಲದೆ ಬ್ರಿಟಿಷ್ ಸರ್ಕಾರ 1799ರಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ಹಾಕಿತ್ತು. ವಾಟರ್ಲೂ ಕದನದಲ್ಲಿ ನೆಪೋಲಿಯನ್ ಸೋತ ಮರುವರ್ಷ, 1816ರಲ್ಲೇ, ಉಳ್ಳವರು ಅರ್ಜಿಯ ಮೇಲೆ ಅರ್ಜಿ ಹಾಕಿ ಅದನ್ನು ತೆಗೆಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ ಬೇಕು! ಕಾದಾಟದ ಖರ್ಚು ಕಾನೂನಿನ ಬಲದಿಂದ ವಸೂಲಾಯಿತು. ಮಡಿದವರ ನೆನಪಿಗೆ ಮಾತ್ರ ಚಂದಾ ಪಟ್ಟಿ ಹಿಡಿಯಬೇಕಾಯಿತು.

ಆ ಪಟ್ಟಿಯಲ್ಲಾದರೂ ಸೈನಿಕನಿಗೆ ಸಂದ ಪಾಲೆಷ್ಟು? ಮಡಿದವರ ನೆನಪಿಗೆ ಒಂದು ಸರಳ ಕಲ್ಲು ನಿಲ್ಲಿಸಲು 16,000 ಪೌಂಡ್ ಧಾರಾಳವಾಗಿ ಸಾಕಿತ್ತು. ಆದರೆ ‘ಉತ್ತರದ ಅಥೆನ್ಸ್’ ಎಂಬ ಬಿರುದು ಹೊತ್ತ ಊರಿಗೆ ಅಥೆನ್ಸಿನ ಗುಡಿಯೇ ಬೇಕಿತ್ತು. ಸತ್ತವರ ಹೆಸರಿನಲ್ಲಿ ಬದುಕಿದ್ದವರು ತಮ್ಮ ದೊಡ್ಡಸ್ತಿಕೆಗೆ ನೆಲೆ ಹುಡುಕಿದರು. ಅದಕ್ಕೂ ಕೈ ಬಿಚ್ಚಿ ಕೊಡಲಿಲ್ಲ.

ಆಮೇಲೆ ಅದನ್ನು ಪೂರ್ತಿಗೊಳಿಸುವ ಮಾತು ಹಲವು ಸಲ ಬಂತು, ಹೋಯಿತು. ಈಗ ಪೂರ್ತಿಗೊಳಿಸಿ ಆಗಬೇಕಾದದ್ದೂ ಏನಿಲ್ಲ. ಕಲಿಯುವುದಿದ್ದರೆ ಲೆಕ್ಕ ಬರೆಯುವ ಕ್ರಮವನ್ನು ಕಲಿಯಬಹುದು. ಯುದ್ಧ ಸಾರುವ ದಿನವೇ ಮದ್ದುಗುಂಡಿನ ಬಾಬತ್ತಿನ ಕೆಳಗೆ ಮಡಿಯುವವರ ನೆನಪು, ಅವರ ಹೆಂಡಿರು ಮಕ್ಕಳ ಅನ್ನ, ಕೈಕಾಲು ಕಳೆದುಕೊಂಡು ಬರುವವರ ಬಾಳು ಇವಿಷ್ಟರ ಖರ್ಚನ್ನೂ ಸೇರಿಸಿ ಬರೆಯಬೇಕು. ಹಾಗೆ ಬರೆದರೆ ಎಷ್ಟೋ ಯುದ್ಧಗಳ ಅಂದಾಜು ಪಟ್ಟಿ ಮಂಜೂರಾಗುವುದೇ ಇಲ್ಲ.