ಇಂದಿನ ಧಮ್ಮ ಚಿಂತನೆ: ಮೊದಲು ಯಾರನ್ನು ಕಾಯಬೇಕು?

 

ಚಿಕ್ಕವನಿದ್ದಾಗ ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಯಲ್ಲಿ ದೊಂಬರಾಟ ನೋಡಿದ್ದೆ. ಅಪ್ಪ ಡೋಲು ಬಡಿಯುತ್ತಿದ್ದ, ಎಂಟೊಂಬತ್ತು ವರ್ಷದ ಮಗಳು ಗಳದ ತುದಿ ಏರುತ್ತಿದ್ದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳಿಗೆ ಭಯವಾಗುತ್ತಿದೆಯಾ ಎಂದು ಯಾರೂ ಕೇಳಲಿಲ್ಲ.

ಹೋದ ತಿಂಗಳು ಅವಳು ಮತ್ತೆ ನೆನಪಾದಳು. ಹೊಳಲ್ಕೆರೆಯಲ್ಲಿ ಹೈಸ್ಕೂಲು ಓದುವ ನನ್ನ ಮಗಳು ಖೋ ಖೋ ಆಡುತ್ತಾಳೆ. ಮೊಣಕಾಲು ನೋವನ್ನು ಎರಡು ವಾರ ಮುಚ್ಚಿಟ್ಟಿದ್ದಳು. ಯಾಕಮ್ಮಾ ಎಂದರೆ, "ನಮ್ಮ ಜನದ ಮಾನ ನಿನ್ನ ಕೈಲಿದೆ ಅಂತ ನೀನೇ ಹೇಳಿದ್ಯಲ್ಲಪ್ಪಾ" ಅಂದಳು. ನನಗೆ ಮಾತೇ ಬರಲಿಲ್ಲ.

ಅವಳಿಗೆ ನಾನು ದಿನವೂ ಹೇಳುತ್ತಿದ್ದದ್ದು ಅಗರ್ತಲಾದ ದೀಪಾ ಕರ್ಮಾಕರ್ ಕಥೆ. ಚಪ್ಪಟೆ ಪಾದದ ಹುಡುಗಿ, ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್. 2016ರಲ್ಲಿ ರಿಯೊದಲ್ಲಿ ಪ್ರೊಡುನೋವಾ ವಾಲ್ಟ್ ಮಾಡಿದರು. ಓಡಿಬಂದು ಕೈಯೂರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಕಾಲ ಮೇಲೆ ಇಳಿಯಬೇಕು. ತಪ್ಪಿದರೆ ಕತ್ತಿಗೇ ಅಪಾಯ. 15.066 ಅಂಕ ಬಂತು. ಕಂಚಿನ ಪದಕ 0.150 ಅಂಕದಲ್ಲಿ ಕೈತಪ್ಪಿತು. ಮರುವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು.

ಅದೇ ಫೈನಲ್‌ನಲ್ಲಿ ಚಿನ್ನ ಗೆದ್ದವರು ಅಮೆರಿಕದ ಕಪ್ಪು ಹೆಣ್ಣುಮಗಳು ಸಿಮೋನ್ ಬೈಲ್ಸ್. ಅವರ ಕಥೆಯ ಉಳಿದ ಭಾಗವನ್ನು ನಾನು ಮಗಳಿಗೆ ಹೇಳಿರಲಿಲ್ಲ. 2021ರಲ್ಲಿ ಟೋಕಿಯೊದಲ್ಲಿ, ತಂಡದ ಫೈನಲ್‌ನಲ್ಲಿ ಒಂದೇ ವಾಲ್ಟ್ ಮಾಡಿ ಅವರು ಹಿಂದೆ ಸರಿದರು. ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಸ್ವಾರ್ಥಿ ಎಂದು ಬೈದವರಿದ್ದರು. ಉಳಿದವರು ಆಡಿ ತಂಡ ಬೆಳ್ಳಿ ಗೆದ್ದಿತು. 2024ರಲ್ಲಿ ಪ್ಯಾರಿಸ್‌ಗೆ ಮರಳಿ ಬಂದ ಬೈಲ್ಸ್ ಮೂರು ಚಿನ್ನ ಗೆದ್ದರು.

ತನ್ನನ್ನು ಕಾದುಕೊಳ್ಳುವುದು ಸ್ವಾರ್ಥವೇ? ಸಂಯುತ್ತ ನಿಕಾಯದ ಸೇದಕ ಸುತ್ತದಲ್ಲಿ ಬುದ್ಧರು ಹೇಳಿದ ಕಥೆಯೂ ಗಳದಾಟದವರದ್ದೇ. ಗುರುವನ್ನು ಪಾಲಿಯಲ್ಲಿ ಚಂಡಾಲವಂಸಿಕ ಎಂದು ಕರೆದಿದೆ. ಊರ ಹೊರಗಿಟ್ಟವರ ಹೆಸರು ಆ ಪದದಲ್ಲೇ ಇದೆ. ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದ ಗುರು. ಶಿಷ್ಯ ಒಪ್ಪಲಿಲ್ಲ. ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಗಲೇ ಇಬ್ಬರೂ ಕ್ಷೇಮವಾಗಿ ಇಳಿಯುತ್ತೇವೆ ಎಂದ. ಶಿಷ್ಯನ ಮಾತೇ ಸರಿ ಎಂದರು ಬುದ್ಧರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಸಹನೆ, ಅಹಿಂಸೆ, ಮೈತ್ರಿ, ಅನುಕಂಪದಿಂದ ಇತರರನ್ನು ಕಾಯುವವನು ತನ್ನನ್ನೂ ಕಾಯುತ್ತಾನೆ ಎಂದೂ ಸೇರಿಸಿದರು.

ಭಾನುವಾರ ಚಿತ್ರದುರ್ಗದ ಕೂಟದಲ್ಲಿ ಇದನ್ನು ಹೇಳಿದಾಗ ಹೊಸದುರ್ಗದ ಹಿರಿಯರೊಬ್ಬರು ಕೇಳಿದರು: "ಬಾಬಾಸಾಹೇಬರು ಸಕ್ಕರೆ ಕಾಯಿಲೆ, ಕಾಲುನೋವು ನುಂಗಿಕೊಂಡೇ ಕೊನೆಯವರೆಗೂ ಬುದ್ಧ ಮತ್ತು ಆತನ ಧಮ್ಮ ಬರೆದರಲ್ಲಪ್ಪಾ. ಅವರು ದೇಹ ಕಾದುಕೊಂಡು ಕೂತಿದ್ದರೆ ನಾವೆಲ್ಲಿರುತ್ತಿದ್ದೆವು?"

ನ್ಯಾಯವಾದ ಪ್ರಶ್ನೆ. ನನಗೆ ತೋಚಿದ್ದು ಇಷ್ಟು. ಬಾಬಾಸಾಹೇಬರು ತಿಳಿದೇ ಆ ಭಾರ ಹೊತ್ತರು. ದೀಪಾ ಕೂಡ ಅಪಾಯ ಗೊತ್ತಿದ್ದೇ ಓಡಿದರು. ಅಪಾಯಕ್ಕೆ ಒಡ್ಡಿಕೊಳ್ಳುವುದೇ ತಪ್ಪಲ್ಲ. ಆದರೆ "ಬೇಡ" ಎನ್ನಲು ಬಿಡದೆ ಮಗುವನ್ನು ಗಳ ಹತ್ತಿಸುವುದು ತ್ಯಾಗವಲ್ಲ, ಅದು ನಮ್ಮ ಆಸೆ. ನನ್ನ ಮಗಳು ತನ್ನನ್ನು ಕಾದುಕೊಳ್ಳಬೇಕಾದರೆ, ನೋಯುತ್ತಿದೆ ಎಂದು ಅವಳು ಹೇಳಬಲ್ಲ ಮನೆಯನ್ನು ನಾನು ಕೊಡಬೇಕಿತ್ತು. ನಾನು ಕೆಳಗೆ ನಿಂತು ಡೋಲು ಬಡಿಯುತ್ತಿದ್ದೆ.

ಈ ಸಲ ಅವಳು ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೋಗಲಿಲ್ಲ. ನಮ್ಮ ಜನದ ಮಾನಕ್ಕೆ ಏನೂ ಆಗಲಿಲ್ಲ.

ಇಂದು ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಒಂದು ಮಾತು ಕೇಳೋಣ: "ಎಲ್ಲಾದರೂ ನೋಯ್ತಿದೆಯಾ?" ಅವರು ಉತ್ತರ ಕೊಡುವವರೆಗೂ ಸುಮ್ಮನಿರೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.