ಹರಕೆಯ ನೆಪ

ನನಗೆ ಅರವತ್ತು ತುಂಬಿದ ದಿನ ಮನೆಯಲ್ಲಿ ಒಂದು ಸುಳ್ಳು ಹೇಳಿದೆ. 'ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬರುತ್ತೇನೆ, ಹಳೆಯ ಹರಕೆಯೊಂದಿದೆ' ಎಂದೆ. ಬೆಟ್ಟಕ್ಕೆ ಹೋಗುವುದು ನಿಜ. ಹರಕೆ ಮಾತ್ರ ಇರಲಿಲ್ಲ. ಇದ್ದದ್ದು ನಾಲ್ವರು ಗೆಳತಿಯರು ಸೇರಿ ಗೊತ್ತುಮಾಡಿದ ನನ್ನ ಹುಟ್ಟುಹಬ್ಬ.

ನಿಜ ಹೇಳಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಆದರೂ 'ಇವತ್ತು ನನ್ನ ಹುಟ್ಟುಹಬ್ಬ, ಗೆಳತಿಯರ ಜೊತೆ ಸುತ್ತಾಡಿ ಬರುತ್ತೇನೆ' ಎನ್ನಲು ಏನೋ ಸಂಕೋಚ. ನಾಲಿಗೆ ತಾನಾಗಿಯೇ ದೇವರ ಹೆಸರು ಹಿಡಿಯಿತು. ಎಂಬತ್ತು ದಾಟಿದ ನಮ್ಮತ್ತೆ ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿ ಕೊಟ್ಟು, 'ನನ್ನ ಹೆಸರಲ್ಲೂ ಹುಂಡಿಗೆ ಹಾಕ್ಬುಟ್ಟು ಬಾವ್ವ' ಎಂದರು. ಆ ಹಣ ಕೈಗೆ ಬಂದ ಮೇಲೆಯೇ ನನ್ನ ಸುಳ್ಳಿಗೆ ಒಂದು ತೂಕ ಬಂದದ್ದು.

ನಮ್ಮ ಯಜಮಾನರಿಗೆ ಅರವತ್ತು ತುಂಬಿದಾಗ ಷಷ್ಟಿಪೂರ್ತಿ ಶಾಂತಿ ಮಾಡಿಸಿದ್ದೆವು. ಹೋಮ, ಕಲಶದ ನೀರಿನ ಅಭಿಷೇಕ, ನೂರು ಎಲೆ ಊಟ. ನಾನೂ ರೇಷ್ಮೆ ಸೀರೆ ಉಟ್ಟು ಪಕ್ಕದಲ್ಲಿ ಕೂತಿದ್ದೆ. ಕೂತದ್ದು ಹೆಂಡತಿಯೆಂದು. ನಮ್ಮಂಥ ಮನೆಗಳಲ್ಲಿ ಹೆಂಗಸಿನ ಅರವತ್ತಕ್ಕೆ ಅಂಥ ಶಾಸ್ತ್ರವನ್ನು ನಾನು ಕಂಡಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ. ಆದರೆ ಲೆಕ್ಕಕ್ಕೆ ಬಾರದ ದಿನವನ್ನು ನಾವೇ ಲೆಕ್ಕಕ್ಕೆ ತೆಗೆದುಕೊಳ್ಳಲು ಹೋದರೆ ಕಳ್ಳತನ ಮಾಡಿದಂತೆ ಏಕನಿಸಬೇಕು?

ಚಾಮರಾಜನಗರದಲ್ಲಿ ಇದ್ದುಕೊಂಡು ಹುಟ್ಟಿದ ದಿನಕ್ಕೆ ನಾಚುವುದೇ ಒಂದು ತಮಾಷೆ. ನಮ್ಮ ಊರಿನ ಹೆಸರೇ ಒಂದು ಹುಟ್ಟಿನ ನೆನಪು. ಇದು ಮೊದಲು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಇಲ್ಲಿ ಹುಟ್ಟಿದರು. 1796ರಲ್ಲಿ ಅವರು ತೀರಿಕೊಂಡಾಗ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಮಗ ದೊಡ್ಡವನಾಗಿ 1818ರಲ್ಲಿ ಊರಿಗೆ ಅಪ್ಪನ ಹೆಸರಿಟ್ಟರು. ಅಪ್ಪ ಹುಟ್ಟಿದ ನೆನಪಿಗೆ ಜನನ ಮಂಟಪ ಕಟ್ಟಿಸಿದರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನವಾಯಿತು. ತಾಯಿಯ ಹೆಸರಿನಲ್ಲಿ ಕೆಂಪನಂಜಾಂಬ ದೇವಿಯೂ ಅಲ್ಲಿದ್ದಾಳೆ. ಮುಖ ನೆನಪಿರದ ಅಪ್ಪನ ಮೇಲಿನ ಪ್ರೀತಿಯನ್ನು ಹೇಳಿಕೊಳ್ಳಲು ಅರಸನೂ ದೇವರ ಆಸರೆ ಪಡೆದ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಆದರೆ ನನಗೂ ಅವರಿಗೂ ಒಂದು ವ್ಯತ್ಯಾಸವಿತ್ತು. ಅವರು ದೇವರ ಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಎಲ್ಲರಿಗೂ ಕಾಣುವಂತೆ ಇಟ್ಟರು. ನಾನು ದೇವರ ಹೆಸರಿನ ಹಿಂದೆ ನನ್ನದನ್ನು ಬಚ್ಚಿಟ್ಟಿದ್ದೆ.

ಡಿಸೆಂಬರಿನ ಚಳಿ. ಕಂಡಕ್ಟರು ಐವರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜಿಗೆಂದು ಮನೆಯಲ್ಲಿ ಕೈಚಾಚುವುದು ತಪ್ಪಿದೆ. ಕಂಡಕ್ಟರು ಎಲ್ಲಿಗೆ ಎಂದಷ್ಟೇ ಕೇಳುತ್ತಾರೆ, ಏಕೆ ಎಂದು ಕೇಳುವುದಿಲ್ಲ. ಆ 'ಏಕೆ'ಯನ್ನು ನಾವೇ ಮನೆಯಿಂದ ಕಟ್ಟಿಕೊಂಡು ಬಂದಿರುತ್ತೇವೆ.

ತೆರಕಣಾಂಬಿ ದಾಟುವಾಗ ನನ್ನ ಸುಳ್ಳನ್ನು ಹೇಳಿದೆ. ಎಲ್ಲರೂ ನಕ್ಕರು. ನೋಡಿದರೆ ಒಬ್ಬಳು ಅಕ್ಕನಿಗೆ ಹುಷಾರಿಲ್ಲವೆಂದು ಹೇಳಿ ಬಂದಿದ್ದಳು. ಇನ್ನೊಬ್ಬಳು, 'ದೇವರ ದರ್ಶನ ಮಾಡೇ ಮಾಡ್ತೀವಲ್ಲ, ಅದರಲ್ಲಿ ಸುಳ್ಳೇನು ಬಂತು?' ಎಂದಳು. ಅಕ್ಕನ ನೆಪ ಹೇಳಿದವಳು ಮಾತ್ರ ಮೆಲ್ಲಗೆ, 'ನಿನಗೆ ಹೇಳಬಹುದಿತ್ತು ಕಣೆ. ನಾನು ನಿಜ ಹೇಳಿದ್ದರೆ ಹೊಸಿಲು ದಾಟ್ತಿರಲಿಲ್ಲ' ಎಂದಳು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಊಟಿ ರಸ್ತೆಯ ಹಂಗಳದ ಬಳಿ ತಿರುಗಿ ಬೆಟ್ಟದ ಬುಡಕ್ಕೆ ಬಂದೆವು. ಬಂಡೀಪುರ ಕಾಡಿನ ಬೆಟ್ಟವಾದ್ದರಿಂದ ಸ್ವಂತ ಗಾಡಿಗಳನ್ನು ಮೇಲೆ ಬಿಡುವುದಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹತ್ತಬೇಕು. 1,454 ಮೀಟರ್ ಎತ್ತರ. ಮಂಜು ಹೆಸರಿಗೆ ತಕ್ಕಂತೆ ಕವಿದಿತ್ತು, ಪಕ್ಕದವಳ ಮುಖವೇ ಮಸುಕು. ಕೊಳಲೂದುವ ವೇಣುಗೋಪಾಲನ ಮುಂದೆ ನಿಂತಾಗ ಕೇಳಿಕೊಳ್ಳಲು ಏನೂ ಹೊಳೆಯಲಿಲ್ಲ. ಅತ್ತೆಯ ಹನ್ನೊಂದು ರೂಪಾಯಿ ಹುಂಡಿಗೆ ಹಾಕಿದೆ. ಇಲ್ಲಿ ನಿಜವಾಗಿ ಹರಕೆ ಒಪ್ಪಿಸಿದವರು ಅತ್ತೆ ಒಬ್ಬರೇ ಅನಿಸಿತು.

ಇಳಿದು ಬಂದು, ಗುಂಡ್ಲುಪೇಟೆಯ ಹತ್ತಿರ ಒಂದು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕೇಕಿನ ಬದಲು ಗೆಳತಿ ಧನುರ್ಮಾಸದ ಹುಗ್ಗಿ ತಂದಿದ್ದಳು. ಅದರ ಮೇಲೊಂದು ಗೋಡಂಬಿ ಇಟ್ಟು ಐವರೂ ಚಪ್ಪಾಳೆ ತಟ್ಟಿದೆವು. ಹೊಲದಲ್ಲಿ ಹುರುಳಿ ಕೀಳುತ್ತಿದ್ದ ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ ನಕ್ಕರು. ಅವರಿಗೂ ಎಲೆಯಲ್ಲಿ ಹುಗ್ಗಿ ಕೊಟ್ಟೆವು. 'ಏನವ್ವ ಇಸ್ಯಾಸ?' ಎಂದು ಒಬ್ಬಾಕೆ ಕೇಳಿದಳು. 'ನಾನು ಹುಟ್ಟಿದ ದಿವಸ ಕಣವ್ವ' ಎಂದೆ. ಗುರುತಿಲ್ಲದವಳ ಮುಂದೆ ಅದೆಷ್ಟು ಸಲೀಸಾಗಿ ಬಾಯಿಗೆ ಬಂತು!

ಆಗಲೇ ನನಗೆ ಸ್ಪಷ್ಟವಾಯಿತು. ದಾರಿಯೇ ಇಲ್ಲದವಳು ಹೇಳುವ ಸುಳ್ಳಿನಲ್ಲಿ ತಪ್ಪು ಅವಳದಲ್ಲ, ಬಾಗಿಲು ಹಾಕಿದವರದು. ನನ್ನದು ಹಾಗಲ್ಲ. ನನ್ನ ಬಾಗಿಲು ತೆರೆದೇ ಇತ್ತು, ನಾನೇ ಕಿಂಡಿಯಿಂದ ನುಸುಳಿ ಬಂದೆ. ನಮ್ಮಂಥವರು ಹೀಗೆ ನುಸುಳುತ್ತಲೇ ಇದ್ದರೆ, ಹೆಣ್ಣು ತನ್ನ ಸಂತೋಷಕ್ಕೆ ಒಂದು ದಿನ ಹೊರಡಬಹುದು ಎಂಬ ಮಾತೇ ಯಾವ ಮನೆಯಲ್ಲೂ ಕೇಳಿಸುವುದಿಲ್ಲ. ಬಾಗಿಲು ಮುಚ್ಚಿದ ಮನೆಯ ಗೆಳತಿಗೆ ನನ್ನಿಂದ ಆಗಬಹುದಾಗಿದ್ದ ಸಣ್ಣ ಸಹಾಯವೂ ತಪ್ಪಿಹೋಗುತ್ತದೆ. ಇನ್ನೂ ಒಂದು ನಷ್ಟವಿದೆ. ನನ್ನ ಸಂತೋಷದಲ್ಲಿ ಪಾಲು ತೆಗೆದುಕೊಳ್ಳಬಹುದಾಗಿದ್ದವರಿಗೆ ನಾನು ಆ ಅವಕಾಶವನ್ನೇ ಕೊಡಲಿಲ್ಲ.

ಸಂಜೆ ಮನೆಗೆ ಬಂದು ಅತ್ತೆಗೆ ತೀರ್ಥ ಕೊಟ್ಟು, 'ಹರಕೆ ಇರಲಿಲ್ಲ ಅತ್ತೆ. ಇವತ್ತು ನನಗೆ ಅರವತ್ತು ತುಂಬಿತು, ಅದಕ್ಕೇ ಹೋಗಿದ್ದು' ಎಂದೆ. ಬೈದಾರು ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಬೆಳಿಗ್ಗೆನೇ ಹೇಳಿದ್ರೆ ತಲೆಗೆ ಎಣ್ಣೆ ಇಡ್ತಿದ್ನಲ್ಲವ್ವ' ಎಂದರು. ಆಮೇಲೆ, 'ನಾ ಯಾವತ್ತು ಹುಟ್ಟಿದ್ನೋ ಯಾರು ಬರೆದಿಟ್ಟವ್ರೆ? ಅವರೆಕಾಯಿ ಕಾಲ ಅಂತ ನಮ್ಮವ್ವ ಹೇಳೋಳು' ಎಂದರು.

ಇದೂ ಅವರೆಕಾಯಿ ಕಾಲವೇ. ಬರುವ ವಾರ ಮತ್ತೆ ಬೆಟ್ಟಕ್ಕೆ ಹೊರಟಿದ್ದೇವೆ, ಅತ್ತೆಯೂ ನಾನೂ. ಯಾಕೆಂದು ಕೇಳಿದವರಿಗೆಲ್ಲ ಅತ್ತೆಯೇ ಹೇಳುತ್ತಿದ್ದಾರೆ.